ಜನರ ಮನಸ್ಸು ಗೆಲ್ಲುವುದು ಹೇಗೆ? ಆತ್ಮೀಯತೆ, ನಗು, ಒಳ್ಳೆಯತನದಿಂದ ಸಂಬಂಧ ಬೆಳೆಸುವ ಸಮಗ್ರ ಮಾರ್ಗದರ್ಶಿ

ಒಳ್ಳೆ ಕೆಲಸ ಯಾರ ಮೂಲಕ ಸಿಗುತ್ತದೆ? ತುಂಬಾ ಹತ್ತಿರದವರ ಮೂಲಕ ಅಂತ ಸಾಮಾನ್ಯವಾಗಿ ಎಲ್ಲರೂ ಅಂದುಕೊಳ್ಳುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನ ಬೇರೆಯದನ್ನೇ ಹೇಳಿತು. ಆಗಷ್ಟೇ ಕೆಲಸ ಬದಲಿಸಿದ್ದವರನ್ನು ಅವರು ವಿಚಾರಿಸಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ, ಆ ಪರಿಚಯದವರನ್ನು ವಾರಕ್ಕೆ ಎರಡು ಸಲವಾದರೂ ಭೇಟಿಯಾಗುತ್ತಿದ್ದವರು ಶೇ. 17ರಷ್ಟು ಮಾತ್ರ. ಶೇ. 56ರಷ್ಟು ಜನರಿಗೆ ಅವರು ಆಗೊಮ್ಮೆ ಈಗೊಮ್ಮೆ ಸಿಗುವವರು. ಉಳಿದವರಿಗಂತೂ ವರ್ಷಕ್ಕೊಮ್ಮೆ ಮುಖ ಕಂಡರೆ ಹೆಚ್ಚು.

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ, ಉದ್ಯೋಗದ ಪರಿಚಯಗಳಿಗಾಗಿ ಇರುವ ಜಾಲತಾಣ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ 5 ವರ್ಷಗಳ ಮಾಹಿತಿ ನೋಡಿತು. ತೀರಾ ಹತ್ತಿರದವರಿಗಿಂತ ಸ್ವಲ್ಪ ದೂರದ ಪರಿಚಯಗಳೇ ಕೆಲಸ ಬದಲಿಸಲು ಜಾಸ್ತಿ ನೆರವಾಗಿದ್ದವು. ಕಾರಣ ಸರಳ. ನಿಮ್ಮ ಆಪ್ತರಿಗೆ ಗೊತ್ತಿರುವುದು ಬಹುಪಾಲು ನಿಮಗೂ ಗೊತ್ತಿರುತ್ತದೆ. ದೂರದವರು ಬೇರೆ ಜನರ ನಡುವೆ ಓಡಾಡುತ್ತಾರೆ, ಬೇರೆ ಸುದ್ದಿ ಕೇಳುತ್ತಾರೆ.

ಆದರೆ ವರ್ಷಕ್ಕೊಮ್ಮೆ ಸಿಗುವ ಒಬ್ಬರು, ಒಂದು ಅವಕಾಶ ಕಣ್ಣಿಗೆ ಬಿದ್ದಾಗ ನಿಮ್ಮನ್ನೇ ಯಾಕೆ ನೆನೆಯಬೇಕು? ನಿಮ್ಮ ಅಂಕಪಟ್ಟಿ ಅವರು ನೋಡಿಲ್ಲ. ನಿಮ್ಮ ಕೆಲಸವೂ ಅವರಿಗೆ ಪೂರ್ತಿ ಗೊತ್ತಿಲ್ಲ. ಅವರ ಹತ್ತಿರ ಇರುವುದು ನಿಮ್ಮ ಜೊತೆ ಕಳೆದ ಸ್ವಲ್ಪ ಹೊತ್ತಿನ ನೆನಪು ಮಾತ್ರ. ಆ ಹೊತ್ತು ಅವರಿಗೆ ಹಿತವಾಗಿತ್ತಾ, ತಮ್ಮ ಮಾತಿಗೆ ಬೆಲೆ ಇದೆ ಅನ್ನಿಸಿತ್ತಾ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ನನ್ನ ನಂಬಿಕೆ ಇಷ್ಟು. ಎದುರಿಗಿರುವವರ ಮೇಲೆ ಪೂರ್ತಿ ಗಮನ ಇಟ್ಟಾಗ ಮೋಡಿ ತಾನಾಗಿ ಬರುತ್ತದೆ. ನಗು ಆ ಗಮನವನ್ನು ಹಗುರ ಮಾಡುತ್ತದೆ. ಒಳ್ಳೆಯತನ ಇದ್ದರೆ ಜನ ಅದನ್ನು ನಂಬುತ್ತಾರೆ. ಇದಕ್ಕೆ ಚಂದದ ಮುಖ ಬೇಡ, ಪಟಪಟ ಮಾತಾಡುವ ಬಾಯಿಯೂ ಬೇಡ. ಮಾತು ಕಡಿಮೆ ಇರುವವರು ಇದನ್ನು ಇನ್ನೂ ಚೆನ್ನಾಗಿ ಮಾಡುವುದುಂಟು, ಯಾಕೆಂದರೆ ಅವರಿಗೆ ಕೇಳಿಸಿಕೊಳ್ಳುವುದು ಗೊತ್ತು.

ಹಂತ 1: ‘ನನ್ನ ಬಗ್ಗೆ ಏನಂದುಕೊಂಡರೋ’ ಅನ್ನುವ ಚಿಂತೆ ಬಿಡಿ

ಹೊಸಬರ ಜೊತೆ ಮಾತಾಡಿ ಬಂದ ಮೇಲೆ ತಲೆಯೊಳಗೆ ಒಂದು ವಿಚಾರಣೆ ಶುರುವಾಗುತ್ತದೆ. ಹಾಗೆ ಹೇಳಬಾರದಿತ್ತು, ಜಾಸ್ತಿ ಮಾತಾಡಿಬಿಟ್ಟೆ, ಅವರಿಗೆ ಬೇಜಾರಾಯಿತೇನೋ ಅಂತ. 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು ಇದನ್ನೇ ಅಳೆದು ನೋಡಿದರು. ಮಾತುಕತೆ ಮುಗಿದ ಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರೆ, ‘ನನಗೆ ಅವರು ಇಷ್ಟವಾದಷ್ಟು ಅವರಿಗೆ ನಾನು ಇಷ್ಟವಾಗಿಲ್ಲ’ ಅಂತ ಇಬ್ಬರೂ ಅಂದುಕೊಂಡಿದ್ದರು! ಒಂದೇ ಹಾಸ್ಟೆಲಿನಲ್ಲಿ ಇರುವ ವಿದ್ಯಾರ್ಥಿಗಳಲ್ಲಿ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಉಳಿದುಕೊಂಡಿತ್ತು.

ಅಂದರೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಜನಕ್ಕೆ ನೀವು ಇಷ್ಟವಾಗಿರುತ್ತೀರಿ. ಇದನ್ನು ಗಟ್ಟಿಯಾಗಿ ನಂಬಿ. ಈ ಚಿಂತೆ ನಿಮಗೆ ನೋವು ಕೊಡುವುದರ ಜೊತೆಗೆ ಎದುರಿನವರ ಪಾಲಿನ ಗಮನವನ್ನೂ ಕಿತ್ತುಕೊಳ್ಳುತ್ತದೆ. ಮುಂದೆ ಏನು ಹೇಳಲಿ ಅಂತ ಯೋಚಿಸುತ್ತಾ ಕೂತವರಿಗೆ ಈಗ ಹೇಳಿದ್ದು ಕೇಳಿಸುವುದಿಲ್ಲ.

ಒಂದು ಸಣ್ಣ ಅಭ್ಯಾಸ ಮಾಡಿಕೊಳ್ಳಿ. ಯಾರನ್ನಾದರೂ ಭೇಟಿಯಾಗುವ ಮೊದಲು, ಅವರಿಂದ ಒಂದು ವಿಷಯ ತಿಳಿದುಕೊಂಡು ಬರುತ್ತೇನೆ ಅಂತ ಮನಸ್ಸಿನಲ್ಲೇ ಗೊತ್ತು ಮಾಡಿಕೊಳ್ಳಿ. ಅವರು ಈ ಕೆಲಸಕ್ಕೆ ಹೇಗೆ ಬಂದರು? ಇತ್ತೀಚೆಗೆ ಏನು ಕಲಿಯುತ್ತಿದ್ದಾರೆ? ಹುಡುಕುವುದು ಒಂದಿದ್ದರೆ ಕಣ್ಣು ತಾನಾಗಿ ಹೊರಗೆ ನೋಡುತ್ತದೆ.

ಹಂತ 2: ಹೆಸರು ಕೇಳಿಸಿಕೊಳ್ಳಿ, ಫೋನ್ ಒಳಗಿಡಿ

ಹೆಸರು ಮರೆಯುವುದಕ್ಕೆ ನೆನಪಿನ ಶಕ್ತಿ ಕಡಿಮೆ ಇರುವುದೇ ಕಾರಣ ಅಂತೇನಿಲ್ಲ. ಎಷ್ಟೋ ಸಲ ಅದು ಮೊದಲಿಗೇ ಕಿವಿಗೆ ಬಿದ್ದಿರುವುದಿಲ್ಲ. ಹೆಸರು ಹೇಳಿದ ಕೂಡಲೇ ಒಮ್ಮೆ ಬಾಯಿ ಬಿಟ್ಟು ಹೇಳಿ, ಮಾತಿನ ನಡುವೆ ಒಮ್ಮೆ ಬಳಸಿ, ಹೊರಡುವಾಗ ಇನ್ನೊಮ್ಮೆ. ಅದಕ್ಕಿಂತ ಜಾಸ್ತಿ ಬೇಡ. ಪ್ರತಿ ವಾಕ್ಯಕ್ಕೂ ಹೆಸರು ಸೇರಿಸಿದರೆ ಏನೋ ಮಾರಲು ಬಂದವರ ಹಾಗೆ ಕೇಳುತ್ತದೆ. ಮರೆತೇ ಹೋದರೆ ‘ಕ್ಷಮಿಸಿ, ನಿಮ್ಮ ಹೆಸರು ಇನ್ನೊಮ್ಮೆ ಹೇಳಿ’ ಅಂತ ನೇರವಾಗಿ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಫೋನ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಜೇಬಿನಲ್ಲೋ ಬ್ಯಾಗಿನಲ್ಲೋ ಇರಲಿ.

ಹಂತ 3: ಉತ್ತರದೊಳಗಿನಿಂದಲೇ ಮುಂದಿನ ಪ್ರಶ್ನೆ ಹುಡುಕಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ಅಭ್ಯಾಸ ಮಾಡಿಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

2017ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಅಪರಿಚಿತರನ್ನು 15 ನಿಮಿಷ ಚಾಟ್ ಮಾಡಲು ಬಿಟ್ಟರು. ಕೆಲವರಿಗೆ ಕನಿಷ್ಠ 9 ಪ್ರಶ್ನೆ ಕೇಳಿ ಅಂದರು, ಇನ್ನು ಕೆಲವರಿಗೆ 4ಕ್ಕಿಂತ ಜಾಸ್ತಿ ಬೇಡ ಅಂದರು. ಹೆಚ್ಚು ಪ್ರಶ್ನೆ ಕೇಳಿದವರೇ ಹೆಚ್ಚು ಇಷ್ಟವಾದರು. ಅದರಲ್ಲೂ ಕೆಲಸ ಮಾಡಿದ್ದು ಒಂದು ಬಗೆಯ ಪ್ರಶ್ನೆ: ಎದುರಿನವರು ಈಗಷ್ಟೇ ಹೇಳಿದ್ದನ್ನು ಹಿಡಿದು ಕೇಳುವ ಪ್ರಶ್ನೆ. ಜೋಡಿ ಹುಡುಕಿಕೊಳ್ಳಲು ಸೇರಿದವರ ಚುಟುಕು ಭೇಟಿಗಳಲ್ಲೂ ಹೀಗೇ ಆಯಿತು. ಇಂಥ ಪ್ರಶ್ನೆ ಜಾಸ್ತಿ ಕೇಳಿದವರನ್ನು ಮತ್ತೊಮ್ಮೆ ಭೇಟಿಯಾಗಲು ಹೆಚ್ಚು ಜನ ಒಪ್ಪಿದರು.

ಇದು ಕೆಲಸ ಮಾಡುವ ಕಾರಣ ಏನೆಂದರೆ, ಇಂಥ ಪ್ರಶ್ನೆಯನ್ನು ನೀವು ಮನೆಯಲ್ಲಿ ತಯಾರು ಮಾಡಿಕೊಂಡು ಬರಲು ಆಗುವುದಿಲ್ಲ. ಕೇಳಿಸಿಕೊಂಡಿದ್ದರೆ ಮಾತ್ರ ಅದು ಹುಟ್ಟುತ್ತದೆ. ಎದುರಿನವರಿಗೂ ಅದು ಗೊತ್ತಾಗುತ್ತದೆ.

ಒಂದು ಉದಾಹರಣೆ ನೋಡಿ. ಪಕ್ಕದಲ್ಲಿ ಕೂತವರು ‘ನಾನು ಮೊದಲು ಶಾಲೆಯಲ್ಲಿ ಪಾಠ ಮಾಡ್ತಿದ್ದೆ, ಈಗ ಸಾಫ್ಟ್‌ವೇರ್‌ನಲ್ಲಿದ್ದೇನೆ’ ಅಂದರು ಅಂದುಕೊಳ್ಳಿ.

‘ಓ, ಹೌದಾ? ಯಾವ ಕಂಪನಿ?’ ಅಂದರೆ ಮಾತು ಸಂದರ್ಶನದ ದಾರಿ ಹಿಡಿಯುತ್ತದೆ.

‘ನನ್ನ ತಮ್ಮನೂ ಸಾಫ್ಟ್‌ವೇರೇ!’ ಅಂದರೆ ಮಾತು ನಿಮ್ಮ ತಮ್ಮನ ಕಡೆ ಹೋಯಿತು.

‘ಪಾಠ ಮಾಡೋದನ್ನ ಬಿಟ್ಟು ಬರೋದು ಸುಲಭ ಇತ್ತಾ? ಮಕ್ಕಳು ನೆನಪಾಗ್ತಾರಾ?’ ಅಂದರೆ ಅವರು ಒಂದು ಕ್ಷಣ ಸುಮ್ಮನಾಗಿ ಆಮೇಲೆ ಮನಸ್ಸಿನಿಂದ ಮಾತಾಡುತ್ತಾರೆ. ಎರಡು ಬದುಕುಗಳ ನಡುವಿನ ತಿರುವು ಅವರ ವಾಕ್ಯದಲ್ಲೇ ಇತ್ತು. ಅದನ್ನು ನೀವು ಗಮನಿಸಿದಿರಿ, ಅಷ್ಟೇ.

ಇಂಥ ತಿರುವುಗಳಿಗೆ ಕಿವಿ ಕೊಡಿ. ‘ಮೊದಲು’, ‘ಈಗ’, ‘ಕೊನೆಗೂ’, ‘ಹೇಗೋ ಮಾಡಿ’, ‘ಅದೊಂದು ದೊಡ್ಡ ಕಥೆ’. ಈ ಮಾತುಗಳ ಹಿಂದೆ ಹೇಳಬೇಕೆನಿಸಿದ ಏನೋ ಇರುತ್ತದೆ. ‘ಏನದು ಕಥೆ?’ ಅಂತ ಕೇಳಿದರೆ ಸಾಕು.

ಪ್ರಶ್ನೆಯ ಮೇಲೆ ಪ್ರಶ್ನೆ ಸುರಿದರೆ ಮಾತ್ರ ಅದು ಪೊಲೀಸ್ ವಿಚಾರಣೆ ಆಗುತ್ತದೆ. ಎರಡು ಮೂರು ಪ್ರಶ್ನೆಗೊಮ್ಮೆ ನಿಮ್ಮದೂ ಒಂದು ಮಾತು ಸೇರಿಸಿ. ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತ ಜೋಡಿಗಳು 45 ನಿಮಿಷ ಪರಸ್ಪರ ಪ್ರಶ್ನೆ ಕೇಳಿಕೊಂಡವು. ಪ್ರಶ್ನೆಗಳು ಮೇಲುಮೇಲಿನಿಂದ ಶುರುವಾಗಿ ಹೋಗ್ತಾ ಹೋಗ್ತಾ ಆಳವಾಗುತ್ತಿದ್ದವು, ಮತ್ತು ಇಬ್ಬರೂ ಉತ್ತರಿಸಬೇಕಿತ್ತು. ಸುಮ್ಮನೆ ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಇವರು ಹೆಚ್ಚು ಹತ್ತಿರವಾದರು. ಇಲ್ಲಿ ಎರಡು ವಿಷಯ ಗಮನಿಸಿ. ಒಂದೇ ಸಲಕ್ಕೆ ಆಳಕ್ಕೆ ಇಳಿಯಲಿಲ್ಲ. ಒಬ್ಬರೇ ತೆರೆದುಕೊಳ್ಳಲಿಲ್ಲ. ಮೊದಲ ಭೇಟಿಯಲ್ಲೇ ಎದುರಿನವರ ಸಂಬಳ, ಮದುವೆ, ಕಾಯಿಲೆ ವಿಚಾರಿಸುವುದು ಆತ್ಮೀಯತೆ ಆಗುವುದಿಲ್ಲ. ಅವರು ಎಷ್ಟು ಬಾಗಿಲು ತೆರೆದರೋ ಅಷ್ಟರಲ್ಲಿ ಒಳಗೆ ಹೋಗಿ.

ಹಂತ 4: ಅವರ ಖುಷಿಯ ಸುದ್ದಿಯನ್ನು ಕೈಬಿಡಬೇಡಿ

ಕಷ್ಟದಲ್ಲಿ ಜೊತೆಗಿದ್ದವರೇ ನಿಜವಾದ ಸ್ನೇಹಿತರು ಅಂತ ಹೇಳುತ್ತಾರೆ. ಸಂತೋಷದಲ್ಲಿ ಜೊತೆಗಿರುವುದೂ ಅಷ್ಟೇ ಮುಖ್ಯ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. 2004ರಲ್ಲಿ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು ಒಳ್ಳೆ ಸುದ್ದಿಗೆ ಜನ ನಾಲ್ಕು ರೀತಿಯಲ್ಲಿ ಪ್ರತಿಕ್ರಿಯಿಸುತ್ತಾರೆ ಅಂತ ವಿಂಗಡಿಸಿದರು. ಸ್ನೇಹಿತೆಯೊಬ್ಬಳು ‘ನನಗೆ ಬಡ್ತಿ ಸಿಕ್ಕಿತು ಕಣೇ!’ ಅಂದಾಗ ಬರುವ ಉತ್ತರಗಳನ್ನು ನೋಡಿ.

‘ಒಳ್ಳೇದಾಯ್ತು ಬಿಡು’ ಅಂತ ಹೇಳಿ ಮುಂದಕ್ಕೆ ಹೋಗುವುದು ಒಂದು. ‘ಇನ್ನು ಮೇಲೆ ಮನೆಗೆ ಬೇಗ ಬರೋದಕ್ಕೆ ಆಗಲ್ಲ ನೋಡು’ ಅಂತ ತಣ್ಣೀರು ಎರಚುವುದು ಇನ್ನೊಂದು. ‘ನಿನ್ನೆ ನಮ್ಮ ಆಫೀಸಲ್ಲಿ ಏನಾಯ್ತು ಗೊತ್ತಾ...’ ಅಂತ ವಿಷಯವನ್ನೇ ಬದಲಿಸುವುದು ಮೂರನೆಯದು. ನಾಲ್ಕನೆಯದು ಹೀಗಿರುತ್ತದೆ: ‘ಅಯ್ಯೋ, ಎಷ್ಟು ಖುಷಿ! ಹೇಗೆ ಹೇಳಿದರು? ನಿಂಗೆ ಮೊದಲೇ ಅನುಮಾನ ಇತ್ತಾ? ಆ ಪ್ರಾಜೆಕ್ಟಿಗೆ ನೀನು ಎಷ್ಟು ಒದ್ದಾಡಿದ್ದೆ, ನಂಗೆ ಗೊತ್ತು.’

ಗೇಬಲ್ ಅವರ ಅಧ್ಯಯನದಲ್ಲಿ ಗಟ್ಟಿಯಾದ, ತೃಪ್ತಿಯ ಸಂಬಂಧಗಳ ಜೊತೆ ನಂಟಿದ್ದದ್ದು ಈ ನಾಲ್ಕನೆಯದಕ್ಕೆ ಮಾತ್ರ. ಮೊದಲನೆಯದು ಕೆಟ್ಟದ್ದಲ್ಲ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಹೇಳಿದವರಿಗೆ ಅದು ಬಾಗಿಲು ಮುಚ್ಚಿದ ಹಾಗೆ ಕೇಳುತ್ತದೆ. ಮುಂದಿನ ಸಲ ಅವರು ಖುಷಿಯನ್ನು ಬೇರೆಯವರ ಹತ್ತಿರ ಒಯ್ಯುತ್ತಾರೆ.

ನಿಮ್ಮೊಳಗೆ ಒಂದು ಚೂರು ಹೊಟ್ಟೆಕಿಚ್ಚು ಎದ್ದರೂ ಚಿಂತೆ ಇಲ್ಲ, ಅದು ಮನುಷ್ಯ ಸಹಜ. ಎರಡು ಪ್ರಶ್ನೆ ಕೇಳಿ. ಅವರ ಶ್ರಮದ ವಿವರ ಕೇಳುತ್ತಾ ಹೋದ ಹಾಗೆ ಬಹಳ ಸಲ ಆ ಕಿಚ್ಚು ತಾನಾಗಿ ಆರುತ್ತದೆ.

ಹಂತ 5: ನಗಿಸುವ ಮೊದಲು ನಗುವುದನ್ನು ಕಲಿಯಿರಿ

‘ನನಗೆ ಜೋಕ್ ಹೇಳಲು ಬರುವುದಿಲ್ಲ’ ಅಂತ ಕೊರಗುವವರಿಗೆ ಒಂದು ಸಮಾಧಾನದ ಸುದ್ದಿ ಇದೆ. ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಮತ್ತು ಅವರ ವಿದ್ಯಾರ್ಥಿಗಳು ಜನ ಸೇರುವ ಜಾಗಗಳಲ್ಲಿ ನಿಂತು ಸುಮಾರು 1,200 ನಗುವಿನ ಸಂದರ್ಭಗಳನ್ನು ಬರೆದುಕೊಂಡರು. ನಗುವಿಗೆ ಮೊದಲು ಬಂದ ಮಾತುಗಳಲ್ಲಿ ಜೋಕ್ ಅನ್ನಬಹುದಾದದ್ದು ಶೇ. 10ರಿಂದ 20ರಷ್ಟು ಮಾತ್ರ. ಉಳಿದವು ‘ಸರಿ, ಆಮೇಲೆ ಸಿಗ್ತೀನಿ’ ಅನ್ನುವಂಥ ಸಾದಾ ಮಾತುಗಳು. ಒಬ್ಬರೇ ಇರುವಾಗ ನಗುವುದಕ್ಕಿಂತ ಜೊತೆಯಲ್ಲಿ ಜನ ಇದ್ದಾಗ ನಗುವುದು ಸುಮಾರು 30 ಪಟ್ಟು ಹೆಚ್ಚು ಅಂತಲೂ ಪ್ರೊವೈನ್ ಕಂಡುಕೊಂಡರು.

ಅಂದರೆ ನಗು ಹುಟ್ಟುವುದು ಜನರ ನಡುವೆ. ಹಾಗಾಗಿ ಮೊದಲ ಕೆಲಸ, ಬೇರೆಯವರ ಮಾತಿಗೆ ಮನಸಾರೆ ನಗುವುದು. ಯಾರೋ ಒಂದು ತಮಾಷೆ ಮಾಡಿ ಅದು ಅರ್ಧಕ್ಕೆ ಸತ್ತುಹೋದಾಗ, ನಸುನಕ್ಕು ಅದನ್ನು ಎತ್ತಿಕೊಳ್ಳುವವರನ್ನು ಜನ ಮರೆಯುವುದಿಲ್ಲ. ಸುಳ್ಳು ನಗು ಮಾತ್ರ ಬೇಡ. ಬಾಯಿ ನಕ್ಕು ಕಣ್ಣು ಸುಮ್ಮನಿದ್ದರೆ ಎಲ್ಲರಿಗೂ ತಿಳಿಯುತ್ತದೆ.

ಎರಡನೆಯದು, ಯಾವ ಬಗೆಯ ಹಾಸ್ಯ ಅನ್ನುವುದು. ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆಯಾಗಿ ನೋಡಿದರು. ಎಲ್ಲರನ್ನೂ ಸೇರಿಸಿಕೊಳ್ಳುವ ಹಾಸ್ಯ. ಕಷ್ಟದಲ್ಲೂ ನಗು ಕಂಡುಕೊಂಡು ತನ್ನ ಮನಸ್ಸನ್ನು ಎತ್ತಿ ನಿಲ್ಲಿಸುವ ಹಾಸ್ಯ. ಇನ್ನೊಬ್ಬರನ್ನು ಚುಚ್ಚುವ ಹಾಸ್ಯ. ತನ್ನನ್ನೇ ಕೆಳಗೆ ಹಾಕಿಕೊಂಡು ಬೇರೆಯವರನ್ನು ನಗಿಸುವ ಹಾಸ್ಯ. ಮೊದಲ ಎರಡು ನಿಮ್ಮ ಕೈಯಲ್ಲಿರಲಿ.

ಸೇರಿಸಿಕೊಳ್ಳುವ ಹಾಸ್ಯಕ್ಕೆ ಕಥೆ, ಚಟಾಕಿ ಏನೂ ಬೇಕಿಲ್ಲ. ಎಲ್ಲರೂ ಸೇರಿ ಅನುಭವಿಸುತ್ತಿರುವುದನ್ನು ಹಗುರವಾಗಿ ಹೇಳಿದರೆ ಸಾಕು. ಮೀಟಿಂಗ್ ಎರಡು ಗಂಟೆ ಎಳೆದಿದೆ, ಎಲ್ಲರ ಕಣ್ಣೂ ಗಡಿಯಾರದ ಮೇಲಿದೆ. ‘ಇನ್ನು ಸ್ವಲ್ಪ ಹೊತ್ತು ಕೂತರೆ ಈ ಕುರ್ಚಿ ನನ್ನ ಹೆಸರಿಗೇ ಬರೆದುಕೊಡ್ತಾರೆ’ ಅಂದರೆ ಯಾರಿಗೂ ನೋವಿಲ್ಲ, ಎಲ್ಲರಿಗೂ ಉಸಿರು ಬಂತು.

ಚುಚ್ಚುವ ಹಾಸ್ಯದ ಬಗ್ಗೆ ನಾನು ಕಟ್ಟುನಿಟ್ಟು. ಮೈಬಣ್ಣ, ದೇಹ, ಮಾತಿನ ಧಾಟಿ, ಮನೆತನ, ಬಡತನ, ಮಕ್ಕಳಿಲ್ಲದಿರುವುದು ಇವು ಯಾವತ್ತೂ ತಮಾಷೆಯ ವಸ್ತು ಆಗಬಾರದು. ‘ನಾವು ಅಷ್ಟು ಹತ್ತಿರ, ಅವನಿಗೆ ಬೇಜಾರಾಗಲ್ಲ’ ಅಂತ ಹೇಳುವವರು ಬಹುತೇಕ ಚುಚ್ಚುವವರೇ. ಚುಚ್ಚಿಸಿಕೊಂಡವರನ್ನು ಯಾರೂ ಕೇಳಿರುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಎಚ್ಚರಿಸಿದ್ದು ಇಂಥದ್ದಕ್ಕೇ. ಕಾಲೆಳೆಯಲೇಬೇಕು ಅನ್ನಿಸಿದರೆ, ಅವರು ತಮ್ಮ ಬಗ್ಗೆ ತಾವೇ ನಗುವ ವಿಷಯವನ್ನು ಮಾತ್ರ ಆರಿಸಿಕೊಳ್ಳಿ. ಅದೂ ಅವರ ಮುಂದೆ, ಅವರಿಗಿಂತ ಮೇಲಿನವರು ಇಲ್ಲದಾಗ.

ತನ್ನ ಬಗ್ಗೆ ತಾನೇ ನಗುವುದು ಒಳ್ಳೆಯದು ಅಂತ ಎಲ್ಲ ಕಡೆ ಸಲಹೆ ಸಿಗುತ್ತದೆ. ಪೂರ್ತಿ ನಿಜ ಅಲ್ಲ. ಎಲಿಯಟ್ ಆರನ್‌ಸನ್ 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ರಸಪ್ರಶ್ನೆ ಸ್ಪರ್ಧಿಗಳ ಧ್ವನಿಮುದ್ರಣ ಕೇಳಿದರು. ಚೆನ್ನಾಗಿ ಉತ್ತರಿಸಿದವನು ಕೊನೆಗೆ ಕಾಫಿ ಚೆಲ್ಲಿಕೊಂಡಾಗ ಇನ್ನೂ ಇಷ್ಟವಾದ. ಸುಮಾರಾಗಿ ಉತ್ತರಿಸಿದವನು ಅದೇ ಕಾಫಿ ಚೆಲ್ಲಿಕೊಂಡಾಗ ಇದ್ದ ಇಷ್ಟವೂ ಕಡಿಮೆಯಾಯಿತು. ಆದ್ದರಿಂದ ನೀವು ಹೊಸದಾಗಿ ಸೇರಿದ ಜಾಗದಲ್ಲಿ ನಿಮ್ಮ ಕೆಲಸದ ಕೌಶಲದ ಬಗ್ಗೆಯೇ ತಮಾಷೆ ಮಾಡಿಕೊಳ್ಳಬೇಡಿ. ಮೊದಲು ಕೆಲಸ ಗೊತ್ತು ಅಂತ ತೋರಿಸಿ. ಅಲ್ಲಿಯವರೆಗೆ ನಿಮ್ಮ ಮರೆವು, ನಿಮ್ಮ ಕೈಬರಹ, ಬೆಳಿಗ್ಗೆ ಏಳಲಾಗದ ಕಷ್ಟ ಇಂಥವು ಸಾಕಷ್ಟಿವೆ.

ಮೆಸೇಜಿನಲ್ಲಿ ತಮಾಷೆಗೆ ಧ್ವನಿ ಇಲ್ಲ, ಮುಖವೂ ಇಲ್ಲ. ಹೊಸಬರಿಗೆ ಬರೆಯುವಾಗ ವ್ಯಂಗ್ಯ ಪೂರ್ತಿ ಬಿಟ್ಟುಬಿಡಿ.

ನಿಮ್ಮ ತಮಾಷೆಯಿಂದ ಯಾರಿಗೋ ನೋವಾಯಿತು ಅಂತ ಗೊತ್ತಾದರೆ ‘ತಮಾಷೆಗೆ ಹೇಳಿದ್ದು’ ಅಂತ ಸಮಜಾಯಿಷಿ ಕೊಡಬೇಡಿ. ಒಬ್ಬರೇ ಸಿಕ್ಕಾಗ ‘ಆವತ್ತು ನಾನು ಹಾಗೆ ಹೇಳಿದ್ದು ಸರಿ ಇರಲಿಲ್ಲ, ಕ್ಷಮಿಸಿ’ ಅಂದು ಸುಮ್ಮನಾಗಿ. ಎಲ್ಲರ ಮುಂದೆ ಹೇಳಿದ ಮಾತಾಗಿದ್ದರೆ, ಆ ವ್ಯಕ್ತಿಯ ಬಗ್ಗೆ ಎಲ್ಲರ ಮುಂದೆಯೇ ಒಂದು ಒಳ್ಳೆ ಮಾತನ್ನೂ ಆಡಿ. ಅದು ನಿಜವಾದ ಮಾತಾಗಿರಲಿ.

ಹಂತ 6: ಒಳ್ಳೆಯತನವನ್ನು ಕೆಲಸದಲ್ಲಿ ತೋರಿಸಿ

ಚೆನ್ನಾಗಿ ಕೆಲಸ ಬಲ್ಲ ಒರಟರು, ಕೆಲಸ ಅಷ್ಟಾಗಿ ಬಾರದ ಸ್ನೇಹಮಯಿಗಳು. ಯಾರ ಜೊತೆ ಕೆಲಸ ಮಾಡುತ್ತೀರಿ? ಟಿಜಿಯಾನಾ ಕಾಷಾರೊ ಮತ್ತು ಮಿಗುಯೆಲ್ ಸೌಸಾ ಲೋಬೊ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10,000ಕ್ಕೂ ಹೆಚ್ಚು ಉದ್ಯೋಗ ಸಂಬಂಧಗಳನ್ನು ನೋಡಿದರು. ಕೇಳಿದರೆ ಎಲ್ಲರೂ ‘ಕೆಲಸ ಬಲ್ಲವರೇ ಬೇಕು’ ಅನ್ನುತ್ತಿದ್ದರು. ನಿಜವಾಗಿ ಹುಡುಕಿಕೊಂಡು ಹೋಗುತ್ತಿದ್ದದ್ದು ಸ್ನೇಹದಿಂದ ಇರುವವರನ್ನು. ಒರಟರ ಹತ್ತಿರ ಎಷ್ಟೇ ಜ್ಞಾನ ಇದ್ದರೂ ಜನ ಕೇಳಲು ಹೋಗದೇ ಅದು ಅಲ್ಲೇ ಕೊಳೆಯುತ್ತಿತ್ತು.

ಒಳ್ಳೆಯತನ ಅಂದರೆ ಯಾವಾಗಲೂ ಸಿಹಿಸಿಹಿ ಮಾತಾಡುವುದು ಅಂತ ತಿಳಿಯಬೇಡಿ. ಹೇಳಿದ ದಿನಕ್ಕೆ ಕೆಲಸ ಮುಗಿಸಿಕೊಡುವುದು ದೊಡ್ಡ ಒಳ್ಳೆಯತನ. ಆಗುವುದಿಲ್ಲ ಅಂದರೆ ಮೊದಲೇ ತಿಳಿಸುವುದು ಕೂಡ. ಇದಿಲ್ಲದೆ ಬರೀ ನಗುಮುಖ ಇಟ್ಟುಕೊಂಡವರನ್ನು ಜನ ಇಷ್ಟಪಟ್ಟರೂ ನಂಬುವುದಿಲ್ಲ.

ಖರ್ಚಿಲ್ಲದೆ ಮಾಡಬಹುದಾದ ಕೆಲವನ್ನು ಹೇಳುತ್ತೇನೆ. ಧನ್ಯವಾದ ಹೇಳುವಾಗ ಯಾತಕ್ಕೆ ಅಂತ ಬಿಡಿಸಿ ಹೇಳಿ. ‘ಥ್ಯಾಂಕ್ಸ್’ ಅನ್ನುವುದಕ್ಕಿಂತ ‘ನೀವು ಆ ಪಟ್ಟಿ ರಾತ್ರಿಯೇ ಕಳಿಸಿದ್ದರಿಂದ ಬೆಳಿಗ್ಗೆ ನನಗೆ ಗಾಬರಿ ಆಗಲಿಲ್ಲ’ ಅನ್ನುವುದು ಬೇರೆಯೇ ತೂಕದ ಮಾತು. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಮುಜುಗರ ಆಗಬಹುದು ಅಂತ ಹೆದರಿದ್ದರು, ಪದಗಳು ಸರಿ ಇಲ್ಲವೇನೋ ಅಂತ ಅಳುಕಿದ್ದರು. ಓದಿದವರಿಗೆ ಪದಗಳ ಚಿಂತೆ ಇರಲಿಲ್ಲ. ಬರೆದವರು ಊಹಿಸಿದ್ದಕ್ಕಿಂತ ಹೆಚ್ಚು ಖುಷಿಯಾಗಿತ್ತು ಅವರಿಗೆ.

ಇನ್ನೊಂದು, ಒಬ್ಬರು ಇಲ್ಲದಾಗ ಅವರ ಬಗ್ಗೆ ಒಳ್ಳೆ ಮಾತಾಡಿ. ಅದು ಹೇಗೋ ಅವರ ಕಿವಿ ತಲುಪುತ್ತದೆ. ತಲುಪದಿದ್ದರೂ, ಕೇಳಿದವರಿಗೆ ‘ಇವರು ನನ್ನ ಬೆನ್ನ ಹಿಂದೆಯೂ ಹೀಗೇ ಇರುತ್ತಾರೆ’ ಅನ್ನಿಸುತ್ತದೆ. ಹಾಗೆಯೇ, ಪರಸ್ಪರ ಉಪಯೋಗ ಆಗಬಹುದಾದ ಇಬ್ಬರನ್ನು ಪರಿಚಯ ಮಾಡಿಸಿ. ಮೊದಲು ಇಬ್ಬರ ಒಪ್ಪಿಗೆ ಕೇಳಿ. ಕೆಲಸದ ಶ್ರೇಯಸ್ಸು ಯಾರದ್ದೋ ಅವರ ಹೆಸರು ಹೇಳಿ, ಅದರಲ್ಲೂ ಹೊಸಬರದ್ದನ್ನು.

ಮಾಡಿದ ಉಪಕಾರದ ಲೆಕ್ಕ ಇಡಬೇಡಿ. ನಿಮ್ಮ ಸಮಯದ ಲೆಕ್ಕ ಮಾತ್ರ ಇಡಿ. ಎಲ್ಲದಕ್ಕೂ ಹೂಂ ಅನ್ನುವವರು ಕೊನೆಗೆ ಯಾವುದನ್ನೂ ಸರಿಯಾಗಿ ಮಾಡಲಾಗದೆ ಎಲ್ಲರಿಂದಲೂ ಬೈಸಿಕೊಳ್ಳುತ್ತಾರೆ. ‘ಈ ವಾರ ಆಗಲ್ಲ, ಕೈತುಂಬಾ ಕೆಲಸ ಇದೆ. ಸೋಮವಾರ ಅರ್ಧ ಗಂಟೆ ಕೂತು ನೋಡೋಣ್ವಾ?’ ಅನ್ನಿ. ಇಲ್ಲ ಅನ್ನುವಾಗ ಉದ್ದುದ್ದ ಕಾರಣ ಬೇಡ. ಕಾರಣ ಉದ್ದವಾದಷ್ಟೂ ನೆಪದ ಹಾಗೆ ಕೇಳುತ್ತದೆ.

ಹಂತ 7: ನೀವೂ ಸಹಾಯ ಕೇಳಿ

ಬರೀ ಕೊಡುವವರ ಹತ್ತಿರ ಜನಕ್ಕೆ ಸಂಕೋಚ ಉಳಿಯುತ್ತದೆ. 18ನೇ ಶತಮಾನದಲ್ಲಿ ಅಮೆರಿಕದ ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ವಿರೋಧಿಯಾಗಿದ್ದ ಶಾಸಕರೊಬ್ಬರ ಬಳಿ ಒಂದು ಅಪರೂಪದ ಪುಸ್ತಕ ಓದಲು ಕೇಳಿ ತರಿಸಿಕೊಂಡರು. ಸುಮಾರು ಒಂದು ವಾರದಲ್ಲಿ ಕೃತಜ್ಞತೆಯ ಚೀಟಿ ಇಟ್ಟು ಹಿಂದಿರುಗಿಸಿದರು. ಆ ಮನುಷ್ಯ ಕೊನೆಯವರೆಗೂ ಸ್ನೇಹಿತರಾಗಿ ಉಳಿದರು ಅಂತ ಫ್ರಾಂಕ್ಲಿನ್ ಬರೆದುಕೊಂಡಿದ್ದಾರೆ. ಸಹಾಯ ಮಾಡಿದ ಮನಸ್ಸು, ತಾನು ಸಹಾಯ ಮಾಡಿದವರನ್ನು ಇಷ್ಟಪಡಲು ಶುರು ಮಾಡುತ್ತದೆ.

ಕೇಳಿದರೆ ಇಲ್ಲ ಅಂತಾರೆ ಅನ್ನುವ ಭಯವೂ ಜಾಸ್ತಿಯೇ ಇದೆ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ 2008ರಲ್ಲಿ ತೋರಿಸಿದ ಪ್ರಕಾರ, ನೇರವಾಗಿ ಕೇಳಿದರೆ ಬೇರೆಯವರು ಒಪ್ಪುವ ಸಾಧ್ಯತೆಯನ್ನು ಜನ ಶೇ. 50ರವರೆಗೂ ಕಡಿಮೆ ಅಂದಾಜು ಮಾಡುತ್ತಾರೆ.

ಕೇಳುವ ರೀತಿ ಹೀಗಿರಲಿ: ಸಣ್ಣದಾಗಿ, ಸ್ಪಷ್ಟವಾಗಿ, ಬೇಡ ಅನ್ನಲು ಜಾಗ ಬಿಟ್ಟು. ‘ನನಗೊಂದು ಕೆಲಸ ಕೊಡಿಸಿ’ ಅಂದರೆ ಎಂಥವರೂ ಹಿಂದೆ ಸರಿಯುತ್ತಾರೆ. ‘ಸರ್, ನೀವು ಈ ಕ್ಷೇತ್ರದಲ್ಲಿ ಬಹಳ ವರ್ಷದಿಂದ ಇದ್ದೀರಿ. ನನ್ನ ರೆಸ್ಯೂಮೆಯ ಮೊದಲ ಪುಟ ಒಮ್ಮೆ ನೋಡಿ, ಏನು ತೆಗೆಯಬೇಕು ಅಂತ ಹೇಳ್ತೀರಾ? ಸಮಯ ಇಲ್ಲದಿದ್ದರೆ ಖಂಡಿತ ಪರವಾಗಿಲ್ಲ’ ಅಂದರೆ ಅವರಿಗೂ ಮಾಡಬೇಕು ಅನ್ನಿಸುತ್ತದೆ. ಆಮೇಲೆ ಅವರ ಸಲಹೆಯಿಂದ ಏನಾಯಿತು ಅಂತ ತಪ್ಪದೇ ತಿಳಿಸಿ. ಬಹಳ ಜನ ಇದನ್ನು ಮಾಡುವುದೇ ಇಲ್ಲ. ಮಾಡಿದವರನ್ನು ಹಿರಿಯರು ಜೀವನಪೂರ್ತಿ ನೆನಪಿಟ್ಟುಕೊಳ್ಳುತ್ತಾರೆ.

ಹಂತ 8: ಪರಿಚಯ ತಣ್ಣಗಾಗಲು ಬಿಡಬೇಡಿ

ಒಬ್ಬ ಮನುಷ್ಯ ಸುಮಾರು 150 ಜನರ ಜೊತೆ ಮಾತ್ರ ನಿಜವಾದ ಸಂಬಂಧ ಇಟ್ಟುಕೊಳ್ಳಬಲ್ಲ ಅನ್ನುವುದು ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಅವರ ಲೆಕ್ಕ. ಅದರೊಳಗೆ 50, 15, 5 ಜನರ ಒಳವೃತ್ತಗಳು. ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ. ಆದರೆ ಎಲ್ಲರಿಗೂ ಒಂದೇ ಅಳತೆಯ ಸಮಯ ಕೊಡಲಾಗುವುದಿಲ್ಲ ಅನ್ನುವುದು ಯಾರಿಗಾದರೂ ಗೊತ್ತಿರುವ ಮಾತು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರ ಅಧ್ಯಯನದಲ್ಲಿ ಅಂದಾಜು ಮಾಡಿದ ಪ್ರಕಾರ, ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಜೊತೆಗಿರಬೇಕು. ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು ಬೇಕು.

ಅಷ್ಟು ಸಮಯ ಕೆಲವರಿಗೆ ಮಾತ್ರ ಕೊಡಲು ಸಾಧ್ಯ. ಆ ಕೆಲವರನ್ನು ಗೆಲುವಿನ ಹೆಸರಿನಲ್ಲಿ ಕಳೆದುಕೊಳ್ಳಬೇಡಿ. ಹಾರ್ವರ್ಡ್‌ನಲ್ಲಿ 1938ರಲ್ಲಿ ಶುರುವಾಗಿ, ಅದೇ ಜನರ ಬದುಕನ್ನು ದಶಕಗಳ ಕಾಲ ಗಮನಿಸಿದ ದೀರ್ಘ ಅಧ್ಯಯನದ ಈಗಿನ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಹೇಳುವಂತೆ, 50ರ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತರಾಗಿದ್ದವರೇ 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ಕೊಲೆಸ್ಟ್ರಾಲ್ ಮಟ್ಟಕ್ಕಿಂತ ಇದೇ ಮುಂದಿನ ಆರೋಗ್ಯವನ್ನು ಚೆನ್ನಾಗಿ ಸೂಚಿಸಿತ್ತು.

ಉಳಿದವರಿಗೆ ಬೇಕಿರುವುದು ಆಗಾಗ ಒಂದು ಸಣ್ಣ ನೆನಪು. ಭೇಟಿಯಾದ ದಿನವೇ ಅವರ ಬಗ್ಗೆ ಎರಡು ಸಾಲು ಬರೆದಿಡಿ. ‘ಮಗಳ ಪರೀಕ್ಷೆ ಮುಂದಿನ ತಿಂಗಳು’, ‘ಈಜು ಕಲಿಯುತ್ತಿದ್ದಾರೆ’ ಇಷ್ಟೇ. ಮುಂದಿನ ತಿಂಗಳು ‘ಮಗಳ ಪರೀಕ್ಷೆ ಹೇಗಾಯ್ತು?’ ಅಂತ ಒಂದು ಮೆಸೇಜ್ ಕಳಿಸಿ. ಇದು ನಾಟಕ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಕಾಳಜಿ ಇಲ್ಲದೆ ಬರೆದಿಟ್ಟರೆ ಹೌದು. ಕಾಳಜಿ ಇದ್ದು ನೆನಪಿರುವುದಿಲ್ಲ ಅಂತ ಬರೆದಿಟ್ಟರೆ ಅದು ಜವಾಬ್ದಾರಿ.

ವರ್ಷಗಳಿಂದ ಮಾತಾಡದವರನ್ನು ಈಗ ಹೇಗೆ ಮಾತಾಡಿಸಲಿ ಅನ್ನುವ ಮುಜುಗರ ಬೇಡ. 2011ರಲ್ಲಿ ಡೇನಿಯಲ್ ಲೆವಿನ್ ಮತ್ತು ಸಂಗಡಿಗರು ವ್ಯವಸ್ಥಾಪಕರಿಗೆ, ಕನಿಷ್ಠ 3 ವರ್ಷಗಳಿಂದ ಸಂಪರ್ಕದಲ್ಲಿಲ್ಲದವರನ್ನು ಮತ್ತೆ ಮಾತಾಡಿಸಿ ಸಲಹೆ ಕೇಳಲು ಹೇಳಿದರು. ಅವರಿಂದ ಬಂದ ಸಲಹೆ ಈಗಿನ ಪರಿಚಯದವರದ್ದಕ್ಕಿಂತ ಹೊಸದಾಗಿತ್ತು, ಉಪಯೋಗಕ್ಕೂ ಬಂತು. ಹಳೆ ನಂಬಿಕೆ ಹಾಗೇ ಉಳಿದಿರುತ್ತದೆ, ಮಧ್ಯದ ವರ್ಷಗಳಲ್ಲಿ ಅವರು ಬೇರೆ ಲೋಕ ಕಂಡಿರುತ್ತಾರೆ. ‘ಇವತ್ತು ಹಳೆ ಫೋಟೋ ನೋಡ್ತಾ ನೀವು ನೆನಪಾದಿರಿ. ಹೇಗಿದ್ದೀರಿ? ಅರ್ಜೆಂಟ್ ಏನಿಲ್ಲ, ಸುಮ್ನೆ ವಿಚಾರಿಸೋಣ ಅಂತ’ ಅಂದರೆ ಆಯಿತು. ಕೆಲಸ ಇದ್ದಾಗ ಮಾತ್ರ ನೆನಪಾಗುವವರು ನೀವಾಗಬೇಡಿ. ಅಂಥ ಮೆಸೇಜ್ ನೋಡಿದ ಕೂಡಲೇ ಜನಕ್ಕೆ ಗೊತ್ತಾಗುತ್ತದೆ.

ಹಂತ 9: ಮಾತು ಒಪ್ಪದಿದ್ದಾಗ

ಎಲ್ಲರಿಗೂ ಒಳ್ಳೆಯವರಾಗಲು ಹೋಗಿ ಅಭಿಪ್ರಾಯವನ್ನೇ ನುಂಗಿಕೊಳ್ಳುವುದು ಬೇಡ. ಎದುರಿನವರ ಮಾತನ್ನು ಮೊದಲು ನಿಮ್ಮ ಮಾತಿನಲ್ಲಿ ಹೇಳಿ: ‘ಖರ್ಚು ಕೈಮೀರುತ್ತೆ ಅನ್ನೋದು ನಿಮ್ಮ ಚಿಂತೆ, ಸರಿಯಾ?’ ಅವರು ಹೌದು ಅಂದ ಮೇಲೆ ನಿಮ್ಮದನ್ನು ಹೇಳಿ. ಕ್ಷಮೆ ಕೇಳುವಾಗ ‘ಆದರೆ’ ಬೇಡ. ‘ತಡ ಮಾಡಿದ್ದು ನನ್ನ ತಪ್ಪು, ಆದರೆ...’ ಅಂದ ಕೂಡಲೇ ಮೊದಲ ಅರ್ಧ ಅಳಿಸಿಹೋಗುತ್ತದೆ.

ಹಂತ 10: ಕೆಲವರಿಂದ ಸ್ವಲ್ಪ ದೂರ ಇರಿ

ಒಳ್ಳೆಯತನವನ್ನು ದೌರ್ಬಲ್ಯ ಅಂತ ತಿಳಿಯುವವರು ಎಲ್ಲ ಕಡೆ ಇರುತ್ತಾರೆ. ಗುರುತು ಹಿಡಿಯಲು ಮೂರು ಲಕ್ಷಣ ಸಾಕು. ಅವರಿಗೆ ಬೇಕಾದಾಗ ನೀವು ಆಪ್ತರು, ನಿಮಗೆ ಬೇಕಾದಾಗ ಅವರಿಗೆ ಪುರುಸೊತ್ತಿಲ್ಲ. ನೀವು ಒಮ್ಮೆ ಇಲ್ಲ ಅಂದರೆ ಹಿಂದಿನದ್ದೆಲ್ಲ ಮರೆತು ಮುಖ ತಿರುಗಿಸುತ್ತಾರೆ. ನಿಮ್ಮ ಮುಂದೆ ಬೇರೆಯವರ ಗುಟ್ಟನ್ನೆಲ್ಲ ಬಿಚ್ಚುತ್ತಾರೆ. ಒಮ್ಮೆ ಹೀಗಾದರೆ ಅವರ ಕೆಟ್ಟ ದಿನ ಇರಬಹುದು, ಬಿಟ್ಟುಬಿಡಿ. ಮತ್ತೆ ಮತ್ತೆ ಆದರೆ ಅದು ಅವರ ಸ್ವಭಾವ.

ಇಂಥವರ ಜೊತೆ ಜಗಳ ಬೇಡ, ಬುದ್ಧಿವಾದವೂ ಬೇಡ. ಸಿಕ್ಕಾಗ ನಗುಮುಖದಿಂದ ಮಾತಾಡಿಸಿ. ಮನೆಯ ವಿಷಯ, ಹಣದ ವಿಷಯ, ಮುಂದಿನ ಯೋಜನೆಗಳನ್ನು ಅವರ ಹತ್ತಿರ ಹೇಳುವುದನ್ನು ನಿಲ್ಲಿಸಿ. ಸಹಾಯ ಕೇಳಿದರೆ ಸಣ್ಣದು, ಒಂದೇ ಸಲಕ್ಕೆ ಮುಗಿಯುವಂಥದ್ದು ಮಾಡಿ. ಹೀಗೆ ಉಳಿದ ಸಮಯ ಸುಮ್ಮನೆ ಪೋಲಾಗದೆ, ನಿಮ್ಮ ಫೋನಿಗೆ ಕಾಯುತ್ತಿರುವವರಿಗೆ ಸಿಗಲಿ.